ವೇಷವೇ ಸಾಕ್ಷಿಯಾದಾಗ: ಕಲಬುರಗಿಯ ಒಂದು ಮೆಟಲ್ ಬ್ಯಾಂಡ್ ಮತ್ತು ನಾಲ್ಕು ನಿಮಿಷದ ಒಂದು ಸುದ್ದಿ

ಕಲಬುರಗಿಯ ಹೊರವಲಯದಲ್ಲಿ ಬಹಳ ವರ್ಷಗಳಿಂದ ಯಾರೂ ಬಳಸದ ಕಲ್ಲಿನ ಕಟ್ಟಡವೊಂದಿದೆ. ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಅದರೊಳಗೆ ಕತ್ತರಿಸಿದ ನಿಂಬೆಹಣ್ಣು, ಕುಂಕುಮ, ಬೂದಿ ಮತ್ತು ಕೋಳಿಯ ಪುಕ್ಕ ಬಿದ್ದಿರುವುದು ದನ ಕಾಯುವವರ ಕಣ್ಣಿಗೆ ಬಿತ್ತು. ಅಲ್ಲಿಂದ ಸ್ವಲ್ಪ ದೂರದಲ್ಲಿರುವ ಖಾಸಗಿ ನಿವೇಶನವೊಂದರ ಕಾಂಪೌಂಡ್ ಗೋಡೆಯ ಮೇಲೆ ಕಪ್ಪು ಸ್ಪ್ರೇ ಬಣ್ಣದಲ್ಲಿ, ಚೂಪು ಚೂಪಾದ ಅಕ್ಷರಗಳಲ್ಲಿ, ಸುಲಭಕ್ಕೆ ಓದಲಾಗದ ಹೆಸರೊಂದನ್ನು ಬರೆಯಲಾಗಿತ್ತು. ನಿಂಬೆಹಣ್ಣಿಗೂ ಗೋಡೆಬರಹಕ್ಕೂ ಸಂಬಂಧವಿದೆಯೇ ಎಂದು ಯಾರಾದರೂ ವಿಚಾರಿಸುವ ಮೊದಲೇ ಸ್ಥಳೀಯ ಸುದ್ದಿ ವಾಹಿನಿಯೊಂದು ಎರಡನ್ನೂ ಒಂದೇ ಗುಂಪಿನ ಕೃತ್ಯವೆಂದು ಜೋಡಿಸಿ, ನಾಲ್ಕು ನಿಮಿಷದ ವರದಿಯನ್ನು ಸಂಜೆಯೊಳಗೆ ತನ್ನ ಯೂಟ್ಯೂಬ್ ಪುಟದಲ್ಲಿ ಹಾಕಿತು. ಥಂಬ್‌ನೇಲ್ ಮೇಲೆ ಕೆಂಪು ಅಕ್ಷರಗಳಲ್ಲಿ ‘ಕಲಬುರಗಿಗೂ ಬಂತಾ ಸೈತಾನ್ ಗ್ಯಾಂಗ್?’ ಎಂಬ ಪ್ರಶ್ನೆಯಿತ್ತು.

ಗೋಡೆಯ ಮೇಲಿದ್ದದ್ದು ಊರಿನ ಐವರು ಯುವಜನರು ಕಟ್ಟಿಕೊಂಡಿದ್ದ ಹೆವಿ ಮೆಟಲ್ (ಗಡುಸು ಸದ್ದಿನ ರಾಕ್ ಸಂಗೀತ) ಬ್ಯಾಂಡಿನ ಹೆಸರು. ಆ ವರದಿ ಹೇಗೆ ಸಿದ್ಧವಾಯಿತು, ಅದರಲ್ಲಿ ಏನಿತ್ತು, ಏನಿರಲಿಲ್ಲ, ಆಮೇಲೆ ಬಂದ ‘ಒಳ್ಳೆಯ’ ವರದಿಯೂ ಯಾಕೆ ಅದೇ ಹಾದಿ ಹಿಡಿಯಿತು ಎಂಬುದನ್ನು ಈ ಅಧ್ಯಯನ ನೋಡುತ್ತದೆ. ನಾನು ಪತ್ರಿಕೋದ್ಯಮ ಕಲಿಸುತ್ತೇನೆ. ವರದಿಯನ್ನು ನನ್ನ ವಿದ್ಯಾರ್ಥಿಗಳೊಂದಿಗೆ ಕೂತು ದೃಶ್ಯ ದೃಶ್ಯವಾಗಿ ನೋಡಿದ್ದೇನೆ; ಬ್ಯಾಂಡಿನವರೊಂದಿಗೂ ಅವರ ಮನೆಯವರೊಂದಿಗೂ ಮಾತನಾಡಿದ್ದೇನೆ. ಯಾರ ಹೆಸರನ್ನೂ, ಬ್ಯಾಂಡಿನ ಹೆಸರನ್ನೂ, ವಾಹಿನಿಯ ಹೆಸರನ್ನೂ ಇಲ್ಲಿ ಕೊಟ್ಟಿಲ್ಲ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಯಾರಿವರು

ಗಿಟಾರ್ ನುಡಿಸುವ ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಬೇಸ್ ನುಡಿಸುತ್ತ ಹಾಡುವವನು ಬಿ.ಎಸ್ಸಿ. ಓದುತ್ತಿದ್ದಾನೆ. ಡ್ರಮ್ಸ್ ಬಾರಿಸುವವನು ತನ್ನ ಕಾಕಾನ ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾನೆ. ಐದನೆಯವಳು ಅವನ ಅಕ್ಕ, ಕನ್ನಡ ಎಂ.ಎ. ಓದುತ್ತಿರುವ ಆಕೆ ವೇದಿಕೆ ಹತ್ತುವುದಿಲ್ಲ, ಬ್ಯಾಂಡಿನ ಸ್ವಂತ ಹಾಡುಗಳ ಸಾಹಿತ್ಯವೆಲ್ಲ ಆಕೆಯದು. ಮಿಲ್ಲಿನ ಹಿಂದಿನ ಖಾಲಿ ಗೋದಾಮಿನಲ್ಲಿ, ಸಂಜೆ ಯಂತ್ರಗಳು ನಿಂತ ಮೇಲೆ, ಇವರ ಅಭ್ಯಾಸ. ಸದ್ದು ಹೊರಗೆ ಹೋಗಬಾರದೆಂದು ಗೋಡೆಗೆ ಮೊಟ್ಟೆಯ ಟ್ರೇಗಳನ್ನು ಅಂಟಿಸಿ, ಬಾಗಿಲಿಗೆ ಅಜ್ಜಿ ಹೊಲಿದ ಹಳೆಯ ಕೌದಿಗಳನ್ನು ತೂಗುಹಾಕಿದ್ದಾರೆ. ತೊಗರಿ ಬೇಳೆಯ ಸಣ್ಣ ಧೂಳು ಆಂಪ್ಲಿಫೈಯರಿನ ಜಾಲರಿಯಲ್ಲಿ ಕೂತು ಸದ್ದನ್ನು ಕೆಡಿಸುತ್ತದೆ. ಅಭ್ಯಾಸಕ್ಕೆ ಮೊದಲು ಒಬ್ಬರು ಬ್ರಷ್ ಹಿಡಿದು ಅದನ್ನು ಒರೆಸುತ್ತಾರೆ.

ಇಂಥ ಬ್ಯಾಂಡಿಗೆ ಬೆಂಗಳೂರಿನಲ್ಲಿ ಸಿಗುವ ಪರಿಚಿತತೆ ಇಲ್ಲಿ ಸಿಗುವುದಿಲ್ಲ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರ ಮಾರ್ಚ್‌ನಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ನುಡಿಸಿ ಹೋಗಿವೆ. ಅಲ್ಲಿಯದೇ ಆದ ಕ್ರಿಪ್ಟೋಸ್ ಬ್ಯಾಂಡ್ 1998ರಿಂದ ನುಡಿಸುತ್ತಿದೆ, ಜರ್ಮನಿಯ ವಾಕೆನ್ ಮೆಟಲ್ ಉತ್ಸವದವರೆಗೂ ಹೋಗಿ ಬಂದಿದೆ. ಅರಮನೆ ಮೈದಾನದ ಮುಂದೆ ಸಾವಿರಾರು ಕಪ್ಪು ಟೀ ಶರ್ಟುಗಳು ಸಾಲುಗಟ್ಟಿ ನಿಂತದ್ದನ್ನು ಬೆಂಗಳೂರಿನ ಪತ್ರಿಕೆಗಳು ಒಂದು ಹಬ್ಬದಂತೆ ಬರೆದವು. ಕಲಬುರಗಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಒಂದು ರಾತ್ರಿಯ ದೂರ ಅಷ್ಟೇ. ಆದರೂ ಅದೇ ಟೀ ಶರ್ಟ್ ಸೂಪರ್ ಮಾರ್ಕೆಟ್‌ನಲ್ಲೋ ಜಗತ್ ವೃತ್ತದಲ್ಲೋ ಒಂಟಿಯಾಗಿ ಕಾಣಿಸಿಕೊಂಡಾಗ ಜನ ತಿರುಗಿ ನೋಡುತ್ತಾರೆ. ತಿರುಗಿ ನೋಡುವುದರಲ್ಲಿ ತಪ್ಪೇನೂ ಇಲ್ಲ. ಆ ನೋಟಕ್ಕೆ ಅರ್ಥವನ್ನು ಯಾರು ಒದಗಿಸುತ್ತಾರೆ ಎಂಬುದೇ ಇಲ್ಲಿಯ ವಿಷಯ.

ನಾಲ್ಕು ನಿಮಿಷಗಳ ಒಳಗೆ

ವರದಿ ನಿಂಬೆಹಣ್ಣಿನ ಸಮೀಪ ದೃಶ್ಯದಿಂದ ಶುರುವಾಗುತ್ತದೆ. ಆ ದೃಶ್ಯಕ್ಕೆ ಹಿನ್ನೆಲೆಯಾಗಿ ಗಂಟಲನ್ನು ಒರಟು ಮಾಡಿ ಹಾಡುವ ಮೆಟಲ್ ಧ್ವನಿಯೊಂದನ್ನು ಕೂಡಿಸಿದ್ದಾರೆ. ವರದಿಯ ಅತ್ಯಂತ ಪರಿಣಾಮಕಾರಿ ಸುಳ್ಳು ಇದೇ, ಮತ್ತು ಅದರಲ್ಲಿ ಒಂದು ಶಬ್ದವನ್ನೂ ಆಡಿಲ್ಲ. ಆಂಕರ್ ಬಾಯಿ ತೆರೆಯುವ ಮೊದಲೇ, ಆ ಕಟ್ಟಡದೊಳಗೆ ಆ ರಾತ್ರಿ ಆ ಸಂಗೀತ ಕೇಳಿಸಿತ್ತು ಎಂಬ ನಂಬಿಕೆ ನೋಡುಗರ ಕಿವಿಯ ಮೂಲಕ ಒಳಗೆ ಇಳಿದಿರುತ್ತದೆ. ಮುಂದೆ ಯಾರಾದರೂ ಆಕ್ಷೇಪಿಸಿದರೆ, ‘ನಾವು ಹಾಗೆ ಹೇಳಲೇ ಇಲ್ಲ’ ಎನ್ನಲು ವಾಹಿನಿಗೆ ದಾರಿಯೂ ಇರುತ್ತದೆ.

ಎರಡನೆಯದಾಗಿ ಗೋಡೆ ಬರುತ್ತದೆ. ‘ಇದು ಯಾವ ಭಾಷೆ, ಯಾವ ಮಂತ್ರ?’ ಎಂದು ವಾಯ್ಸ್ ಓವರ್ ಕೇಳುತ್ತದೆ. ಅದು ಇಂಗ್ಲಿಷ್ ಲಿಪಿಯಲ್ಲಿ ಬರೆದ ಒಂದು ಕನ್ನಡ ಹೆಸರು. ಮೆಟಲ್ ಬ್ಯಾಂಡುಗಳು ತಮ್ಮ ಹೆಸರನ್ನು ಹೀಗೆ ಮುಳ್ಳುಮುಳ್ಳಾಗಿ ಬರೆಯುವುದು ದಶಕಗಳ ರೂಢಿ. ಕೇಳುಗರಿಗೆ ಅದೊಂದು ಮುದ್ರೆ, ಅಷ್ಟೇ.

ಮೂರನೆಯದಾಗಿ, ಹುಡುಗರ ಇನ್‌ಸ್ಟಾಗ್ರಾಮ್ ಪುಟದಿಂದ ಅನುಮತಿಯಿಲ್ಲದೆ ತೆಗೆದುಕೊಂಡ ಫೋಟೋಗಳು. ತಲೆಬುರುಡೆಯ ಚಿತ್ರವಿರುವ ಟೀ ಶರ್ಟ್, ಭುಜಕ್ಕೆ ಇಳಿದ ಕೂದಲು, ತೋರುಬೆರಳನ್ನೂ ಕಿರುಬೆರಳನ್ನೂ ಎತ್ತಿ ಉಳಿದ ಬೆರಳುಗಳನ್ನು ಮಡಚಿದ ಕೈ. ಈ ಕೈಯ ಸುತ್ತ ವಾಹಿನಿ ಕೆಂಪು ವೃತ್ತವನ್ನು ಎಳೆದು, ‘ಸೈತಾನನ ಸಂಕೇತ’ ಎಂದು ಬರೆಯಿತು. ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಸನ್ನೆಯನ್ನು ಮೆಟಲ್ ವೇದಿಕೆಯ ಮೇಲೆ ಜನಪ್ರಿಯಗೊಳಿಸಿದವರು 1979ರಲ್ಲಿ ಬ್ಲ್ಯಾಕ್ ಸಬ್ಬತ್ ಬ್ಯಾಂಡನ್ನು ಸೇರಿದ ಗಾಯಕ ರಾನಿ ಜೇಮ್ಸ್ ಡಿಯೋ. ಅದನ್ನು ತಾವು ತಮ್ಮ ಇಟಾಲಿಯನ್ ಅಜ್ಜಿಯಿಂದ ಕಲಿತದ್ದಾಗಿಯೂ, ಕೆಟ್ಟ ದೃಷ್ಟಿ ತಾಗದಿರಲೆಂದು ಆಕೆ ಹಾಗೆ ಕೈ ಮಾಡುತ್ತಿದ್ದುದಾಗಿಯೂ ಅವರು ಹಲವು ಸಂದರ್ಶನಗಳಲ್ಲಿ ಹೇಳಿದ್ದಾರೆ. ಕಲ್ಲಿನ ಕಟ್ಟಡದಲ್ಲಿ ನಿಂಬೆಹಣ್ಣನ್ನು ಇಟ್ಟವರ ಉದ್ದೇಶವೂ, ಮುಂದೆ ಗೊತ್ತಾದಂತೆ, ದೃಷ್ಟಿ ತೆಗೆಯುವುದೇ ಆಗಿತ್ತು. ಎರಡು ಅಜ್ಜಿಯರ ಕಾಳಜಿಯ ಆಚರಣೆಗಳನ್ನು ಒಂದೇ ತೆರೆಯ ಮೇಲೆ ತಂದ ವರದಿ ಎರಡನ್ನೂ ಪಿಶಾಚಿಯ ಹೆಸರಿಗೆ ಬರೆದುಬಿಟ್ಟಿತು.

ಆಮೇಲೆ ಸುಮಾರು ಇಪ್ಪತ್ತು ಸೆಕೆಂಡು, ಮುಖಕ್ಕೆ ಬಿಳಿ ಮತ್ತು ಕಪ್ಪು ಬಣ್ಣ ಬಳಿದುಕೊಂಡು ಬೆಂಕಿಯ ಮುಂದೆ ನಿಂತ ವಿದೇಶಿ ಹಾಡುಗಾರರ ದೃಶ್ಯ. ‘ಸಂಗ್ರಹ ಚಿತ್ರ’ ಎಂಬ ಸೂಚನೆ ಎಲ್ಲಿಯೂ ಇಲ್ಲ. ಕಡೆಗೆ ದಾರಿಹೋಕರೊಬ್ಬರ ಬೈಟ್, ಅಂದರೆ ಕ್ಯಾಮೆರಾ ಮುಂದಿನ ಮಾತಿನ ತುಣುಕು: “ಇಂತಾವ್ರನ್ನ ಊರು ಬಿಡಿಸಬೇಕ್ರಿ.” ಅವರಿಗೆ ಯಾವ ಪ್ರಶ್ನೆ ಕೇಳಿದ್ದರು ಎಂಬುದು ನೋಡುಗರಿಗೆ ಕೇಳಿಸುವುದಿಲ್ಲ.

ಇವುಗಳ ನಡುವೆ ಬ್ಯಾಂಡಿನ ಸ್ವಂತ ಹಾಡಿನಿಂದ ಕತ್ತರಿಸಿ ಇಟ್ಟ ಒಂದು ತುಣುಕಿದೆ. ‘ಸುಡು, ಸುಡು’ ಎಂಬ ಎರಡು ಶಬ್ದ ಮಾತ್ರ ಮೂರು ಸಲ ಮರುಕಳಿಸುತ್ತದೆ. ‘ಸುಡಲು ಪ್ರಚೋದನೆ ಕೊಡುವ ಹಾಡು’ ಎಂದು ಆಂಕರ್ ವಿವರಿಸುತ್ತಾರೆ. ಪೂರ್ತಿ ಸಾಲು ಹೀಗಿದೆ:

ಸುಡು, ಸುಡು, ಬಿಸಿಲೇ ಸುಡು
ಊರು ಬಿಟ್ಟವನ ನೆರಳನೂ ಸುಡು
ಬಾಗಿಲ ಬೀಗ ತುಕ್ಕು ಹಿಡಿದಿದೆ
ಕೀಲಿ ಹೊತ್ತವನು ಮುಂಬೈಲಿ.

ಗುಳೆ ಹೋದವರ ಹಾಡು ಇದು. ಮಳೆ ಕೈಕೊಟ್ಟ ವರ್ಷ ತೊಗರಿ ಒಣಗಿ, ಮನೆಗೆ ಬೀಗ ಹಾಕಿ, ಮುದುಕರನ್ನು ಹಿಂದೆ ಬಿಟ್ಟು ಮುಂಬೈಗೋ ಪುಣೆಗೋ ಹೈದರಾಬಾದಿಗೋ ಬೆಂಗಳೂರಿಗೋ ಹೋಗುವ ಕುಟುಂಬಗಳು ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಯಾವ ಊರಿನಲ್ಲಿಲ್ಲ? ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲನ್ನು ಬೈಯುತ್ತ ಬರೆದ ಹಾಡಿಗೆ ಮೆಲುದನಿಯ ರಾಗ ಒಗ್ಗುವುದಿಲ್ಲ ಎಂಬುದು ಸಾಹಿತ್ಯ ಬರೆದವಳ ನಿಲುವು, ಮತ್ತು ಅದು ನನಗೂ ಸರಿಯೆನಿಸುತ್ತದೆ. ಬ್ಲ್ಯಾಕ್ ಸಬ್ಬತ್ 1970ರ ಫೆಬ್ರವರಿಯಲ್ಲಿ ಮೊದಲ ಆಲ್ಬಮ್ ಹೊರತಂದಾಗ ಅದರ ಹಿಂದೆ ಇದ್ದದ್ದೂ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗಳ ಬದುಕು. ಗಿಟಾರ್ ವಾದಕ ಟೋನಿ ಐಯೋಮಿ ಲೋಹದ ತಗಡು ಕತ್ತರಿಸುವ ಕೆಲಸದಲ್ಲಿ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡು, ಕೃತಕ ತುದಿಗಳನ್ನು ತೊಟ್ಟು ನುಡಿಸುತ್ತಿದ್ದರು.

“ಹಾಡಿನಾಗ ಏನದ ಅಂತ ಒಬ್ಬರೂ ಕೇಳಲಿಲ್ರಿ ಸರ,” ಎಂದು ಸಾಹಿತ್ಯ ಬರೆದವಳು ಹೇಳಿದಳು. ಆಕೆ ವರದಿಯಲ್ಲಿ ಎಲ್ಲಿಯೂ ಇಲ್ಲ. ಇನ್‌ಸ್ಟಾಗ್ರಾಮ್ ಫೋಟೋಗಳಲ್ಲಿ ಎರಡರಲ್ಲಿ ಆಕೆ ನಿಂತಿದ್ದಾಳೆ. ವಾಹಿನಿ ಅವೆರಡನ್ನೂ ಆರಿಸಿಕೊಳ್ಳಲಿಲ್ಲ. ಮಾಧ್ಯಮದ ಪಡಿಯಚ್ಚಿನಲ್ಲಿ ಮೆಟಲ್ ಕೇಳುಗನೆಂದರೆ ಕೋಪಿಷ್ಠನಾದ, ಕೂದಲು ಬಿಟ್ಟ ಗಂಡುಹುಡುಗ. ದುಪಟ್ಟಾ ಹೊದ್ದು ಎಂ.ಎ. ತರಗತಿಗೆ ಹೋಗುವ ಹುಡುಗಿ ಆ ಅಚ್ಚಿನೊಳಗೆ ಹಿಡಿಯುವುದಿಲ್ಲ. ಆಕೆಯನ್ನು ಬಿಟ್ಟದ್ದರಿಂದ ಆಕೆಗೆ ಊರಿನ ನಿಂದೆ ತಪ್ಪಿತು ನಿಜ. ಆದರೆ ಹಾಡಿನ ಅರ್ಥವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳನ್ನೇ ಬಿಟ್ಟಂತೆಯೂ ಆಯಿತು.

ಹಳೆಯ ಕಡತಗಳು

ಈ ವರದಿಯನ್ನು ಮಾಡಿದ ಸ್ಟ್ರಿಂಗರ್ (ಅರೆಕಾಲಿಕ ವರದಿಗಾರ) ಇಪ್ಪತ್ತರ ಆಸುಪಾಸಿನ ಹುಡುಗ. ಅವನಿಗೆ ಮೆಟಲ್ ಬಗ್ಗೆ ದ್ವೇಷವೇನೂ ಇರಲಿಲ್ಲ. ಫೋನಿನಲ್ಲಿ ಹುಡುಕಿದಾಗ ಸಿಕ್ಕ ಚಿತ್ರಗಳು ಅವನಿಗೆ ಕತೆಯನ್ನು ಸಿದ್ಧಮಾಡಿ ಕೊಟ್ಟವು. ಆ ಚಿತ್ರಗಳ ಹಿಂದೆ ನಲವತ್ತು ವರ್ಷಗಳ ಇತಿಹಾಸವಿದೆ, ಮತ್ತು ಅದರ ಬಹುಭಾಗ ನ್ಯಾಯಾಲಯಗಳಲ್ಲೂ ವಿಚಾರಣಾ ಸಭೆಗಳಲ್ಲೂ ಪರಿಶೀಲನೆಗೆ ಒಳಗಾಗಿದೆ. ಆರೋಪಗಳು ಅಮೆರಿಕದಿಂದ ಇಲ್ಲಿಯವರೆಗೆ ಬಂದವು. ಅವುಗಳಿಗೆ ಸಿಕ್ಕ ಉತ್ತರಗಳು ಬರಲಿಲ್ಲ.

1985ರ ಸೆಪ್ಟೆಂಬರ್ 19ರಂದು ಅಮೆರಿಕದ ಸೆನೆಟ್ ಸಮಿತಿಯೊಂದು ರಾಕ್ ಹಾಡುಗಳ ಸಾಹಿತ್ಯದ ಬಗ್ಗೆ ಸಭೆ ನಡೆಸಿತು. ಹಾಡುಗಳಿಗೆ ಎಚ್ಚರಿಕೆಯ ಚೀಟಿ ಅಂಟಿಸಬೇಕೆಂದು ಒತ್ತಾಯಿಸಿದ್ದ ಪೋಷಕರ ಸಂಘಟನೆಯ ಮುಖ್ಯರಲ್ಲಿ ಟಿಪ್ಪರ್ ಗೋರ್ ಒಬ್ಬರು. ಟ್ವಿಸ್ಟೆಡ್ ಸಿಸ್ಟರ್ ಬ್ಯಾಂಡಿನ ಒಂದು ಹಾಡು ಹಿಂಸಾರತಿಯ ಬಗ್ಗೆ ಇದೆಯೆಂದು ಅವರು ಹೇಳಿದ್ದರು. ಗಾಯಕ ಡೀ ಸ್ನೈಡರ್ ಜೀನ್ಸ್ ಮತ್ತು ತೋಳಿಲ್ಲದ ಅಂಗಿಯಲ್ಲೇ ಸಭೆಗೆ ಬಂದು, ಹಿಂಬದಿಯ ಜೇಬಿನಿಂದ ಮಡಚಿದ ಕಾಗದವನ್ನು ತೆಗೆದು ಓದಿದರು: ಆ ಹಾಡು ತಮ್ಮ ಗಿಟಾರ್ ವಾದಕನ ಗಂಟಲಿನ ಶಸ್ತ್ರಚಿಕಿತ್ಸೆಯ ಭಯದ ಕುರಿತಾದದ್ದು. ‘ಸುಡು, ಸುಡು’ ಪ್ರಸಂಗ ಇದೇ ಜಾತಿಯದು. ಸ್ನೈಡರ್ ಅಂದು ಇನ್ನೂ ಒಂದು ಮಾತನ್ನು ಹೇಳಬೇಕಾಯಿತು: ತನಗೆ ಮದುವೆಯಾಗಿದೆ, ಮೂರು ವರ್ಷದ ಮಗನಿದ್ದಾನೆ, ತಾನು ಕ್ರೈಸ್ತ, ಸಿಗರೇಟು, ಕುಡಿತ, ಮಾದಕ ವಸ್ತು ಯಾವುದೂ ಇಲ್ಲ. ಹಾಡಿನ ಅರ್ಥವನ್ನು ವಿವರಿಸಲು ಬಂದವನು ತನ್ನ ನಡತೆಯ ಪ್ರಮಾಣಪತ್ರವನ್ನೂ ಜೊತೆಗೆ ತರಬೇಕಾದ ಈ ಸ್ಥಿತಿಗೆ ಕಲಬುರಗಿಯಲ್ಲಿ ನಾವು ಮತ್ತೆ ಬರುತ್ತೇವೆ.

1990ರಲ್ಲಿ ನೆವಾಡಾದ ರೀನೋ ನಗರದಲ್ಲಿ ಜೂಡಾಸ್ ಪ್ರೀಸ್ಟ್ ಬ್ಯಾಂಡಿನ ವಿರುದ್ಧ ಮೊಕದ್ದಮೆ ನಡೆಯಿತು. ಬ್ಯಾಂಡಿನ ಒಂದು ಹಾಡಿನಲ್ಲಿ ಕಿವಿಗೆ ಗೊತ್ತಾಗದಂತೆ ಹುದುಗಿಸಿಟ್ಟ ಆದೇಶವಿದೆ, ಅದರಿಂದಲೇ 1985ರಲ್ಲಿ ಇಬ್ಬರು ಯುವಕರು ತಮ್ಮ ಪ್ರಾಣಕ್ಕೆ ಕುತ್ತು ತಂದುಕೊಂಡರು ಎಂಬುದು ಕುಟುಂಬಗಳ ವಾದ. ನ್ಯಾಯಾಧೀಶ ಜೆರ್ರಿ ಕಾರ್ ವೈಟ್‌ಹೆಡ್ ಧ್ವನಿಯನ್ನು ಪದರ ಪದರವಾಗಿ ಕೇಳಿಸಿಕೊಂಡು, ಆದೇಶದಂತೆ ಕೇಳುವ ಸದ್ದು ಗಾಯಕನ ಉಸಿರು ಮತ್ತು ಗಿಟಾರಿನ ನಾದ ಆಕಸ್ಮಿಕವಾಗಿ ಕೂಡಿ ಹುಟ್ಟಿದ್ದೆಂದು ತೀರ್ಮಾನಿಸಿ, ಬ್ಯಾಂಡಿನ ಪರವಾಗಿ ತೀರ್ಪು ಕೊಟ್ಟರು.

ಎಲ್ಲಕ್ಕಿಂತ ಭಾರವಾದದ್ದು ವೆಸ್ಟ್ ಮೆಂಫಿಸ್ ಪ್ರಕರಣ. 1993ರ ಮೇ ತಿಂಗಳಲ್ಲಿ ಅರ್ಕನ್ಸಾ ರಾಜ್ಯದ ಆ ಊರಿನಲ್ಲಿ ಎಂಟು ವರ್ಷದ ಮೂವರು ಬಾಲಕರ ಕೊಲೆಯಾಯಿತು. ಸೈತಾನ ಪೂಜೆಯ ಬಲಿ ಎಂಬ ವದಂತಿ ಹರಡಿತು. ಡೇಮಿಯನ್ ಎಕೋಲ್ಸ್, ಜೇಸನ್ ಬಾಲ್ಡ್‌ವಿನ್, ಜೆಸ್ಸಿ ಮಿಸ್‌ಕೆಲಿ ಎಂಬ ಮೂವರು ಹದಿಹರೆಯದವರನ್ನು ಹಿಡಿದರು. ಎಕೋಲ್ಸ್ ಕಪ್ಪು ಬಟ್ಟೆ ತೊಡುವುದು, ಮೆಟಾಲಿಕಾ ಕೇಳುವುದು, ಓದುತ್ತಿದ್ದ ಪುಸ್ತಕಗಳು, ಇವೆಲ್ಲ ನ್ಯಾಯಾಲಯದ ಮುಂದೆ ಬಂದವು. 1994ರಲ್ಲಿ ಅವನಿಗೆ ಮರಣದಂಡನೆ, ಉಳಿದಿಬ್ಬರಿಗೆ ಜೀವಾವಧಿ ಶಿಕ್ಷೆಯಾಯಿತು. ಸ್ಥಳದಲ್ಲಿ ಸಿಕ್ಕ ವಸ್ತುಗಳ ಡಿಎನ್‌ಎ ಈ ಮೂವರಿಗೆ ಹೊಂದುವುದಿಲ್ಲವೆಂದು ಮುಂದೆ ಹೊರಬಂತು. 2011ರ ಆಗಸ್ಟ್ 19ರಂದು, ತಾವು ನಿರಪರಾಧಿಗಳೆಂಬ ನಿಲುವನ್ನು ಬಿಡದೆಯೇ ತಪ್ಪೊಪ್ಪಿಗೆ ದಾಖಲಿಸುವ ಕಾನೂನಿನ ಒಂದು ವ್ಯವಸ್ಥೆಯ ಅಡಿಯಲ್ಲಿ ಮೂವರೂ ಹೊರಬಂದರು. ಅಷ್ಟರಲ್ಲಿ ಹದಿನೆಂಟು ವರ್ಷ ಕಳೆದಿತ್ತು.

ಇದರ ಇನ್ನೊಂದು ಮಗ್ಗುಲನ್ನು ಮುಚ್ಚಿಡುವುದು ಸರಿಯಲ್ಲ. ನಾರ್ವೆಯಲ್ಲಿ 1990ರ ದಶಕದ ಆರಂಭದಲ್ಲಿ ಬ್ಲ್ಯಾಕ್ ಮೆಟಲ್ ಎಂಬ ಮೆಟಲ್ ಪ್ರಕಾರದ ವಲಯದ ಕೆಲವರು ಚರ್ಚುಗಳಿಗೆ ಬೆಂಕಿ ಇಟ್ಟರು. 1993ರಲ್ಲಿ ಒಬ್ಬ ಸಂಗೀತಗಾರ ಇನ್ನೊಬ್ಬನನ್ನು ಕೊಂದು ಮರುವರ್ಷ ಶಿಕ್ಷೆಗೊಳಗಾದ. ಬಣ್ಣ ಬಳಿದ ಮುಖಗಳ ದೃಶ್ಯಕ್ಕೆ ಅಷ್ಟು ಭಯ ಬಂದು ಸೇರಿರುವುದು ಈ ಕಾರಣಕ್ಕೂ ಹೌದು. ತಲೆಬುರುಡೆ, ರಕ್ತ, ಕೊಂಬುಗಳನ್ನು ಬ್ಯಾಂಡುಗಳೂ ಆಲ್ಬಮ್ ಕಂಪನಿಗಳೂ ತಾವಾಗಿಯೇ ಮಾರಿವೆ. ಬೆಚ್ಚಿಬೀಳಿಸುವುದು ಈ ಸಂಗೀತದ ಖುಷಿಯ ಒಂದು ಭಾಗ. ಹಾಗೆಂದು ನಾರ್ವೆಯ ಸಣ್ಣ ವಲಯವೊಂದು ಮಾಡಿದ ಅಪರಾಧವನ್ನು ಗೋದಾಮಿನಲ್ಲಿ ತೊಗರಿಯ ಧೂಳು ಒರೆಸುವ ಹುಡುಗರ ಕೊರಳಿಗೆ ಕಟ್ಟಲು ಆ ದೃಶ್ಯ ಆಧಾರವಾಗುವುದಿಲ್ಲ.

ಕೋಪದ ಸಂಗೀತ ಕೋಪವನ್ನು ಬೆಳೆಸುತ್ತದೆಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಲಿಯಾ ಶಾರ್ಮನ್ ಮತ್ತು ಜೆನೆವೀವ್ ಡಿಂಗಲ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಸಂಗೀತ ಕೇಳುವ 39 ಮಂದಿಗೆ ಮೊದಲು ಕೋಪ ಬರಿಸಿದ ಘಟನೆಗಳನ್ನು ನೆನಪಿಸಿ, ಬಳಿಕ ಕೆಲವರಿಗೆ ಅವರದೇ ಆಯ್ಕೆಯ ಹಾಡುಗಳನ್ನು ಹತ್ತು ನಿಮಿಷ ಕೇಳಿಸಿದರು, ಉಳಿದವರನ್ನು ಮೌನವಾಗಿ ಕೂರಿಸಿದರು. ಹಾಡು ಕೇಳಿದವರ ಕೋಪ ಏರಲಿಲ್ಲ. ಅವರಲ್ಲಿ ಹಗೆತನ, ಕಿರಿಕಿರಿ ಇಳಿದವು, ಹುರುಪು ಹೆಚ್ಚಿತು. 39 ಮಂದಿಯ ಅಧ್ಯಯನದಿಂದ ಲೋಕಕ್ಕೆಲ್ಲ ಸೂತ್ರ ಬರೆಯಲಾಗದು. ಆದರೆ ಒಂದು ಟೀ ಶರ್ಟಿನಿಂದ ವಾಹಿನಿ ಬರೆದ ಸೂತ್ರಕ್ಕಿಂತ ಅದಕ್ಕೆ ಹೆಚ್ಚಿನ ಆಧಾರವಿದೆ.

ಠಾಣೆ, ಮನೆ, ಗೋದಾಮು

ವರದಿ ಬಂದ ಮರುದಿನ ಪೊಲೀಸರು ಹುಡುಗರನ್ನು ಕರೆಸಿದರು. “ಗ್ವಾಡಿ ಮ್ಯಾಲ ನಾವೇ ಬರದೀವ್ರಿ ಸರ, ಲಿಂಬಿಕಾಯಿ ನಮ್ದಲ್ರಿ,” ಎಂದು ಬೇಸ್ ನುಡಿಸುವವನು ಒಪ್ಪಿಕೊಂಡ. ಬೇರೆಯವರ ಗೋಡೆಯನ್ನು ಕೆಡಿಸುವುದು ತಪ್ಪು, ಅದನ್ನು ತಡೆಯಲು ರಾಜ್ಯದಲ್ಲಿ 1981ರ ಕಾನೂನೇ ಇದೆ. ಹುಡುಗರು ಮಾಲೀಕರ ಕ್ಷಮೆ ಕೇಳಿ, ತಮ್ಮ ಖರ್ಚಿನಲ್ಲಿ ಗೋಡೆಗೆ ಸುಣ್ಣ ಹೊಡೆಸಿದರು. ನಿಂಬೆಹಣ್ಣನ್ನು ಇಟ್ಟವರು ಪಕ್ಕದ ಬಡಾವಣೆಯ ಒಂದು ಕುಟುಂಬದವರು. ಮಗುವಿಗೆ ಪದೇ ಪದೇ ಜ್ವರ ಬರುತ್ತಿತ್ತೆಂದು ದೃಷ್ಟಿ ತೆಗೆಸಿದ್ದರು. ಯಾರ ಮೇಲೆಯೂ ಪ್ರಕರಣ ದಾಖಲಾಗಲಿಲ್ಲ. ಠಾಣೆಯಲ್ಲಿ ಒಂದು ಮಧ್ಯಾಹ್ನದಲ್ಲಿ ತಿಳಿದುಬಂದ ಈ ಸಂಗತಿಯನ್ನು ವಾಹಿನಿ ತನ್ನ ನೋಡುಗರಿಗೆ ತಿಳಿಸಲಿಲ್ಲ.

ಮನೆಗಳಲ್ಲಿ ನಡೆದದ್ದು ಅಷ್ಟು ಬೇಗ ಮುಗಿಯಲಿಲ್ಲ. ಡ್ರಮ್ಸ್ ಹುಡುಗನ ಅಜ್ಜಿ, ಕೌದಿ ಹೊಲಿದು ಕೊಟ್ಟವರೇ, ಮೊಬೈಲಿನಲ್ಲಿ ವಿಡಿಯೋ ನೋಡಿ ಅತ್ತರು. “ಹುಡುಗಗ ಗಾಳಿ ಹಿಡದದ, ಗಾಣಗಾಪುರಕ್ಕ ಕರ್ಕೊಂಡ್ ಹೋಗ್ರಿ,” ಎಂದರು. ದತ್ತಾತ್ರೇಯ ಕ್ಷೇತ್ರವಾದ ಗಾಣಗಾಪುರಕ್ಕೆ ಗಾಳಿ ಸೋಂಕಿದೆಯೆಂದು ನಂಬಿದವರನ್ನು ಕರೆದೊಯ್ಯುವುದು ಈ ಭಾಗದ ರೂಢಿ. ಅಜ್ಜಿಯ ಪ್ರೀತಿಯನ್ನು ನೋಯಿಸಲಾರದೆ ಹುಡುಗ ಹೋಗಿ, ಸಂಗಮದಲ್ಲಿ ಸ್ನಾನ ಮಾಡಿ, ಪಾದುಕೆಗೆ ನಮಸ್ಕರಿಸಿ ಬಂದ. ಕಾಕಾ ಗೋದಾಮಿನ ಕೀಲಿಯನ್ನು ಹಿಂದಕ್ಕೆ ತೆಗೆದುಕೊಂಡರು; ಅವರಿಗೆ ಗಂಜ್‌ನ ವ್ಯಾಪಾರಿಗಳ ಮಾತಿನ ಭಯ. ಒಬ್ಬ ಗಿಟಾರ್ ವಾದಕನ ತಂದೆ ಮಗನ ಕೂದಲನ್ನು ಕತ್ತರಿಸಿಸಿದರು. ಇನ್ನೊಬ್ಬ ಗಿಟಾರ್ ವಾದಕ ತದ್ವಿರುದ್ಧ ದಾರಿ ಹಿಡಿದ: ವಾಹಿನಿಯ ಥಂಬ್‌ನೇಲನ್ನೇ ತನ್ನ ಪ್ರೊಫೈಲ್ ಚಿತ್ರ ಮಾಡಿಕೊಂಡು, ಎಲ್ಲರನ್ನೂ ಕೆಣಕತೊಡಗಿದ. ಜನ ಹಚ್ಚಿದ ಹಣೆಪಟ್ಟಿಯನ್ನು ಮನುಷ್ಯ ತನ್ನದನ್ನಾಗಿ ಮಾಡಿಕೊಳ್ಳುವ ಈ ಬಗೆಯನ್ನು ಸಮಾಜಶಾಸ್ತ್ರಜ್ಞ ಹೊವಾರ್ಡ್ ಬೆಕರ್ 1963ರಲ್ಲಿಯೇ ವಿವರಿಸಿದ್ದರು. ಆ ಹುಡುಗನಲ್ಲಿ ಅದನ್ನು ಕಣ್ಣಾರೆ ನೋಡುವುದು ನನಗೆ ಕಷ್ಟವಾಯಿತು, ಏಕೆಂದರೆ ಅವನು ಎಲ್ಲರಿಗಿಂತ ಮೃದು ಸ್ವಭಾವದವನು.

ಇಲ್ಲಿ ನನ್ನನ್ನು ಬಹಳವಾಗಿ ಕಾಡಿದ ಒಂದು ಸಂಗತಿಯಿದೆ. ನಮ್ಮ ಈ ಸೀಮೆ ಉಗ್ರವಾದ ಕಲೆಯನ್ನು ಅರಿಯದ್ದೇನಲ್ಲ. ವೀರಭದ್ರನ ಜಾತ್ರೆಗಳಲ್ಲಿ ಪುರವಂತರು ಕೈಯಲ್ಲಿ ಖಡ್ಗ ಹಿಡಿದು, ಕಾವಿಯುಟ್ಟು, ಸಮ್ಮಾಳದ ಬಡಿತಕ್ಕೆ ಹೆಜ್ಜೆ ಹಾಕುತ್ತ, ಒಡಪುಗಳನ್ನು ಗುಡುಗಿ ಹೇಳುತ್ತಾರೆ. ಕೆನ್ನೆಗೆ, ನಾಲಗೆಗೆ ಶಸ್ತ್ರ ಚುಚ್ಚಿಸಿಕೊಳ್ಳುತ್ತಾರೆ. ದಕ್ಷಯಜ್ಞದಲ್ಲಿ ರುಂಡ ಹಾರಿದ ಕತೆಯನ್ನು ಮಕ್ಕಳು ತಂದೆಯ ಹೆಗಲ ಮೇಲೆ ಕೂತು ಕೇಳುತ್ತಾರೆ. ಅದನ್ನು ನೋಡಿ ಯಾರೂ ಪುರವಂತರನ್ನು ಕೊಲೆಗಡುಕರೆನ್ನುವುದಿಲ್ಲ. ಆ ಉಗ್ರತೆಯ ಕತೆ ಊರಿಗೆ ಗೊತ್ತು, ಜಾತ್ರೆ ಮುಗಿದ ಮೇಲೆ ಅದೇ ಪುರವಂತರು ಅಂಗಡಿಗೆ, ಹೊಲಕ್ಕೆ ಹಿಂದಿರುಗುವುದೂ ಊರಿಗೆ ಗೊತ್ತು. ಉಗ್ರವಾದದ್ದನ್ನು ಅರ್ಥಮಾಡಿಕೊಳ್ಳುವ ಶಕ್ತಿ ನಮ್ಮ ಜನಕ್ಕೆ ಇದೆ. ಈ ಹುಡುಗರ ವಿಷಯದಲ್ಲಿ ಕತೆಯನ್ನು ತಿಳಿಸಬೇಕಾದ ಕೆಲಸ ಸುದ್ದಿಗಾರನದಾಗಿತ್ತು, ಅವನು ಅದನ್ನು ಮಾಡಲಿಲ್ಲ.

ಎರಡನೆಯ ವರದಿ

ಕೆಲವು ವಾರಗಳ ಬಳಿಕ ಪತ್ರಿಕೆಯೊಂದು ಹುಡುಗರ ಪರವಾಗಿ ಅರ್ಧ ಪುಟದ ಲೇಖನ ಪ್ರಕಟಿಸಿತು. ಉದ್ದೇಶ ಒಳ್ಳೆಯದು, ಭಾಷೆ ಸೌಜನ್ಯದ್ದು, ಬರೆದವರು ಅನುಭವಿಗಳು. ಫೋಟೋದಲ್ಲಿ ನಾಲ್ವರೂ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಶರಣಬಸವೇಶ್ವರ ದೇವಸ್ಥಾನದ ಮುಂದೆ ಕೈಕಟ್ಟಿ ನಿಂತಿದ್ದಾರೆ. ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ಅಂಕ ಬಂತು, ಮನೆಯಲ್ಲಿ ಹಿರಿಯರಿಗೆ ನಮಸ್ಕರಿಸುತ್ತಾರೆಯೇ, ಗುಟಕಾ, ಮದ್ಯ ಮುಟ್ಟುತ್ತಾರೆಯೇ, ಇವುಗಳಿಗೆಲ್ಲ ಲೇಖನದಲ್ಲಿ ಉತ್ತರವಿದೆ. ತಾಯಿಯೊಬ್ಬರು ಮಗ ಬೆಳಿಗ್ಗೆ ಬೇಗ ಏಳುತ್ತಾನೆಂದು ಹೇಳಿದ್ದೂ ಇದೆ. ಹಾಡಿನ ಒಂದು ಸಾಲೂ ಇಲ್ಲ. ಗುಳೆಯ ಪ್ರಸ್ತಾಪವಿಲ್ಲ. ಹಾಡು ಬರೆದವಳು ಇಲ್ಲಿಯೂ ಇಲ್ಲ.

ಮನೆಯವರು ಈ ಲೇಖನವನ್ನು ಕತ್ತರಿಸಿ ಇಟ್ಟುಕೊಂಡರು, ಅವರಿಗೆ ಅದರಿಂದ ನೆಮ್ಮದಿ ಸಿಕ್ಕಿತು. ಆ ನೆಮ್ಮದಿಯನ್ನು ನಾನು ಕಡಿಮೆ ಮಾಡಿ ನೋಡುವುದಿಲ್ಲ. ಆದರೆ ವಿಧಾನದ ದೃಷ್ಟಿಯಿಂದ ಎರಡೂ ವರದಿಗಳು ಒಂದೇ ಹೊಲಿಗೆಯವು. ಮೊದಲನೆಯದು ಕಪ್ಪು ಟೀ ಶರ್ಟಿನಿಂದ ಅಪರಾಧವನ್ನು ಊಹಿಸಿತು, ಎರಡನೆಯದು ಬಿಳಿ ಅಂಗಿಯಿಂದ ನಿರಪರಾಧವನ್ನು ಸಾಬೀತು ಮಾಡಿತು. 1985ರಲ್ಲಿ ಸ್ನೈಡರ್ ತನ್ನ ಮದುವೆಯನ್ನೂ ಮಗನನ್ನೂ ಮುಂದಿಡಬೇಕಾಗಿ ಬಂದದ್ದು ಇದೇ ಕಾರಣಕ್ಕೆ. ಕಡಿಮೆ ಅಂಕ ಪಡೆದ, ದೇವಸ್ಥಾನಕ್ಕೆ ಹೋಗದ, ತಂದೆಯ ಮಾತು ಕೇಳದ ಹುಡುಗನೊಬ್ಬ ಈ ಬ್ಯಾಂಡಿನಲ್ಲಿದ್ದಿದ್ದರೆ ಅವನ ಮೇಲಿನ ಆರೋಪ ನಿಜವಾಗಿಬಿಡುತ್ತಿತ್ತೇ? ನಿಂಬೆಹಣ್ಣು ಅವನದ್ದಲ್ಲ ಎಂಬುದು ಆಗಲೂ ಅಷ್ಟೇ ಸತ್ಯ. ವೆಸ್ಟ್ ಮೆಂಫಿಸಿನ ಎಕೋಲ್ಸ್ ಬಡವ, ಶಾಲೆ ಬಿಟ್ಟವನು, ಮನೋರೋಗಕ್ಕೆ ಚಿಕಿತ್ಸೆ ಪಡೆದವನು. ಊರಿಗೆ ತೋರಿಸಲು ಅವನ ಬಳಿ ಬಿಳಿ ಅಂಗಿಯ ಕತೆ ಇರಲಿಲ್ಲ. ನಡತೆಯ ಪ್ರಮಾಣಪತ್ರವನ್ನು ಬೇಡುವ ಪತ್ರಿಕೋದ್ಯಮ ಅಂಥವನನ್ನು ಕಾಪಾಡಲಾರದು.

ತಿದ್ದುಪಡಿಯ ಪ್ರಯತ್ನ

2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಅಂತರ್ಜಾಲದಲ್ಲಿ ಸುದ್ದಿ ಪ್ರಕಟಿಸುವ ಸಂಸ್ಥೆ ಕುಂದುಕೊರತೆ ಅಧಿಕಾರಿಯೊಬ್ಬರನ್ನು ನೇಮಿಸಿ, ದೂರು ಬಂದ ಹದಿನೈದು ದಿನಗಳೊಳಗೆ ತೀರ್ಮಾನ ತಿಳಿಸಬೇಕು. ಪ್ರಕಟಣೆಗೆ ಮುನ್ನ ಸಂಬಂಧಪಟ್ಟವರಿಂದ ಸತ್ಯಾಂಶವನ್ನು ಪರಿಶೀಲಿಸಬೇಕೆಂಬುದು ಭಾರತೀಯ ಪತ್ರಿಕಾ ಮಂಡಳಿಯ ಪತ್ರಿಕೆಗಳಿಗಾದ ನಡಾವಳಿಯಲ್ಲಿ ಮೊದಲಿನಿಂದಲೂ ಇರುವ ತತ್ವ. ಈ ವಾಹಿನಿಯ ಪುಟದಲ್ಲಿ ದೂರು ಕೊಡಲು ಒಂದು ಮೊಬೈಲ್ ಸಂಖ್ಯೆ ಬಿಟ್ಟರೆ ಬೇರೇನೂ ಇರಲಿಲ್ಲ, ಅದೂ ಜಾಹೀರಾತಿಗಾಗಿ ಕೊಟ್ಟದ್ದು. ಸಾಹಿತ್ಯ ಬರೆದವಳು ಒಂದೂವರೆ ಪುಟದ ಪತ್ರ ಸಿದ್ಧಪಡಿಸಿದಳು. ಅದರಲ್ಲಿ ಬೈಗುಳವಿಲ್ಲ, ಬೇಡಿಕೆಗಳು ಸ್ಪಷ್ಟ: ಪೊಲೀಸ್ ವಿಚಾರಣೆಯಿಂದ ತಿಳಿದದ್ದನ್ನು ಹೇಳಬೇಕು, ವಿದೇಶಿ ದೃಶ್ಯ ಯಾವುದೆಂದು ತಿಳಿಸಬೇಕು, ಹಾಡಿನ ನಾಲ್ಕೂ ಸಾಲುಗಳನ್ನು ಕೇಳಿಸಬೇಕು. ಪತ್ರವನ್ನು ವಾಹಿನಿಯ ಕಚೇರಿಗೆ ತಲುಪಿಸಿ ಸ್ವೀಕೃತಿ ಪಡೆದರು.

ಲಿಖಿತ ಉತ್ತರ ಬರಲಿಲ್ಲ. ಕೆಲವು ದಿನಗಳ ಮೇಲೆ ವಿಡಿಯೋ ಪುಟದಿಂದ ಕಾಣೆಯಾಯಿತು. ಸುದ್ದಿಮನೆಗಳಲ್ಲಿ ಇದನ್ನೇ ದೊಡ್ಡ ಉಪಕಾರವೆಂದು ತಿಳಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ, ತಿದ್ದುಪಡಿಯಿಲ್ಲದೆ ತೆಗೆದುಹಾಕುವುದು ನೊಂದವರಿಗಿಂತ ಸಂಸ್ಥೆಗೇ ಹೆಚ್ಚು ಅನುಕೂಲ: ಅದರ ತಪ್ಪಿನ ದಾಖಲೆ ಅಳಿಯುತ್ತದೆ, ನೋಡಿದವರ ಮನಸ್ಸಿನಲ್ಲಿ ಕೂತದ್ದು ಹಾಗೆಯೇ ಉಳಿಯುತ್ತದೆ. ಆ ಹೊತ್ತಿಗಾಗಲೇ ವಿಡಿಯೋದ ಪ್ರತಿಗಳು ಬಡಾವಣೆಗಳ ವಾಟ್ಸ್ಆ್ಯಪ್ ಗುಂಪುಗಳನ್ನು ಸೇರಿದ್ದವು. ಅವು ಅಮಾವಾಸ್ಯೆ ಹತ್ತಿರವಾದಾಗ ‘ಮಕ್ಕಳನ್ನು ಹೊರಗೆ ಬಿಡಬೇಡಿ’ ಎಂಬ ಹೊಸ ಒಕ್ಕಣೆಯೊಂದಿಗೆ ಈಗಲೂ ಮರಳಿ ಬರುತ್ತವೆ, ದಿನಾಂಕವಿಲ್ಲದೆ, ವಾಹಿನಿಯ ಹೆಸರಿಲ್ಲದೆ.

ನನ್ನ ವಿದ್ಯಾರ್ಥಿಗಳಿಗೆ ಇದೇ ಘಟನೆಯ ಮೇಲೆ ನಾಲ್ಕು ನಿಮಿಷದ ವರದಿಯನ್ನು ಹೊಸದಾಗಿ ಮಾಡಲು ಹೇಳಿದೆ. ಮೊದಲ ಕರಡುಗಳಲ್ಲಿ ಬಹಳ ಮಂದಿ ಪತ್ರಿಕೆಯ ಲೇಖನವನ್ನೇ ಅನುಸರಿಸಿ ಅಂಕಪಟ್ಟಿಯಿಂದ ಶುರುಮಾಡಿದರು. ಇಬ್ಬರು ಮಾತ್ರ ಬೇರೆ ದಾರಿ ಹಿಡಿದರು: ಒಬ್ಬಳು ನಿಂಬೆಹಣ್ಣು ಇಟ್ಟ ಕುಟುಂಬವನ್ನು ಅವರ ಮುಖ ತೋರಿಸದೆ ಮಾತನಾಡಿಸಿ, ಮಗುವಿನ ಜ್ವರದ ಕತೆಯನ್ನು ಪ್ರತ್ಯೇಕ ವರದಿಯಾಗಿಸಿದಳು, ಇನ್ನೊಬ್ಬನು ಬ್ಯಾಂಡನ್ನು ಹಾಡಿನ ಬಗ್ಗೆ ಮಾತ್ರ ಕೇಳಿದ. ಅವನ ವರದಿಯಲ್ಲಿ ನಾಲ್ವರೂ ತಮ್ಮ ಎಂದಿನ ಕಪ್ಪು ಟೀ ಶರ್ಟಿನಲ್ಲೇ ಇದ್ದಾರೆ, ಅದರ ಬಗ್ಗೆ ಒಂದು ಮಾತೂ ಇಲ್ಲ. ಸಾಹಿತ್ಯ ಬರೆದವಳು ಸಾಲುಗಳನ್ನು ಓದಿ, ತನ್ನ ತಾಯಿಯ ತವರೂರಿನಲ್ಲಿ ಬೀಗ ಬಿದ್ದ ಮನೆಗಳು ಯಾರವೆಂದು ಒಂದೊಂದಾಗಿ ಹೇಳುತ್ತಾಳೆ.

ಕಾಕಾ ಗೋದಾಮಿನ ಕೀಲಿಯನ್ನು ಮರಳಿ ಕೊಟ್ಟಿದ್ದಾರೆ, ರಾತ್ರಿ ಒಂಬತ್ತಕ್ಕೆ ನಿಲ್ಲಿಸಬೇಕೆಂಬ ಷರತ್ತಿನ ಮೇಲೆ. ಕೂದಲು ಕತ್ತರಿಸಿಕೊಂಡವನು ಬ್ಯಾಂಡಿಗೆ ಮರಳಿಲ್ಲ. ಓದು ಮುಗಿಯಲಿ ಎನ್ನುತ್ತಾನೆ. ಉಳಿದವರು ಹಾಡನ್ನು ಒಂದೇ ಗಿಟಾರಿಗೆ ಹೊಂದಿಸಿಕೊಂಡಿದ್ದಾರೆ. ವಾಹಿನಿಗೆ ಎರಡನೆಯ ಪತ್ರವೂ ಹೋಗಿದೆ. ಅದರಲ್ಲಿ ಈಗ ಒಂದೇ ಬೇಡಿಕೆ ಇದೆ: ವಿಡಿಯೋ ತೆಗೆದದ್ದೇಕೆ ಎಂಬುದನ್ನು, ಅದೇ ಪುಟದಲ್ಲಿ, ಅದೇ ಆಂಕರ್ ನೋಡುಗರಿಗೆ ಹೇಳಬೇಕು.